ಎತ್ತಿ ಇಳಿಸಿದ ಕೈ

ಮಾರ್ಚ್ 9, ಭಾನುವಾರ

ಪ್ರೀತಿಯ ಸೂಜಿ,

ಹೇಗಿದ್ದೀಯ? ನಿನ್ನ ಕಾಗದ ಬಂದು ಯಾವ ಕಾಲವಾಯಿತು! ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ಅಡ್ಡ ಬಂತು ಎಂದು ಸುಳ್ಳು ಹೇಳಬಹುದಿತ್ತು. ನಿಜ ಹೇಳುತ್ತೇನೆ, ಧೈರ್ಯ ಬರಲಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು, ಅದನ್ನು ಕೇಳುವುದು ಹೇಗೆ ಎಂದು ಯೋಚಿಸುತ್ತಲೇ ದಿನ ದೂಡಿದೆ. ತಡವಾದದ್ದಕ್ಕೆ ಬೈಯಬೇಕೆನಿಸಿದರೆ ಬೈದುಬಿಡು. ಈಚೆಗೆ ನನ್ನನ್ನು ಬೈಯುವವರೇ ಇಲ್ಲ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ಈಗೀಗ ‘ಹೂಂ, ಹೂಂ, ಪರವಾಗಿಲ್ಲ ಬಿಡೆ’ ಅನ್ನುವುದನ್ನು ಕಲಿತಿದ್ದೀಯ. ಕಾಗದಕ್ಕೆ ಹೂಂಗುಟ್ಟಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಮೊದಲು ಇಲ್ಲಿನ ಸುದ್ದಿ. ನೀನು ಪಾಠ ಹೇಳುವ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ ಮೇಲೆ ನಮ್ಮ ಡಿಪಾರ್ಟ್‌ಮೆಂಟು ಭಾರೀ ಬದಲಾಗಿದೆ ಎಂದುಕೊಳ್ಳಬೇಡ. ಸೆಮಿನಾರ್ ಹಾಲಿಗೆ ಹೊಸ ಕುರ್ಚಿಗಳು ಬಂದಿವೆ, ಅಷ್ಟೆ. ಯಾರು ಅಲ್ಲಾಡಿದರೂ ಕಿರ್ರೆನ್ನುತ್ತವೆ. ನಿದ್ದೆ ಹೋಗುವವರಿಗೆ ತುಂಬ ತೊಂದರೆಯಾಗಿದೆ. ಪ್ರೊಜೆಕ್ಟರ್ ಹಳೆಯದೇ, ಹಳದಿಯನ್ನು ಈಗಲೂ ಹಸಿರು ಮಾಡಿ ತೋರಿಸುತ್ತದೆ. ‘ಆದರೆ ಸರ್’ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಒಂದು ಸೆಮಿನಾರನ್ನೂ ಬಿಡುವುದಿಲ್ಲ. ಮೊಣಕಾಲು ನೋವೆಂದು ಮೊದಲ ಸಾಲಿನ ತುದಿಯಲ್ಲಿ ಕಾಲು ಚಾಚಿ ಕೂರುತ್ತಾರೆ. ನೆನಪಿದೆಯಾ? ಯಾರು ಏನೇ ಮಂಡಿಸಲಿ, ಮುಗಿದದ್ದೇ ತಡ, ಅವರು ಗಂಟಲು ಸರಿಮಾಡಿಕೊಂಡು ‘ಆದರೆ…’ ಎಂದು ಶುರು ಮಾಡಿದರೆ ನಮ್ಮ ಕೈಕಾಲು ತಣ್ಣಗಾಗುತ್ತಿತ್ತು. ಬೇರೆಯವರಿಗೆ ಈಗಲೂ ಆಗುತ್ತದೆ. ನನಗೆ ಮಾತ್ರ ಅವರು ‘ಆದರೆ’ ಅನ್ನುವುದನ್ನು ಬಿಟ್ಟಿದ್ದಾರೆ ಕಣೆ.

ವಿಷಯ ಇದೇ. ಮಗು ಹೋಗಿ ಒಂದೂವರೆ ವರ್ಷವಾಯಿತು. ಅದಾಗಿ ಕೆಲವು ತಿಂಗಳಿಗೆ ನಾನು ಕೆಲಸಕ್ಕೆ ಮರಳಿದೆನಲ್ಲ, ಅಂದಿನಿಂದ ಇಂದಿನವರೆಗೆ ಮಂಡಿಸಿದ ಒಂದು ಸೆಮಿನಾರಿನಲ್ಲೂ ಯಾರೂ ನನ್ನನ್ನು ಏನೂ ಕೇಳಿಲ್ಲ. ‘ಚೆನ್ನಾಗಿದೆ’, ‘ತುಂಬಾ ಚೆನ್ನಾಗಿ ಬಂದಿದೆ’, ‘ಆರೋಗ್ಯ ನೋಡ್ಕೊಳಮ್ಮ’. ಕಳೆದ ಬುಧವಾರ ಮಂಡಿಸಿದ್ದಕ್ಕೂ ಅದೇ. ಚಪ್ಪಾಳೆ ಕೂಡ ಮೆತ್ತಗೆ ತಟ್ಟುತ್ತಾರೆ. ಜೋರಾಗಿ ತಟ್ಟಿದರೆ ನನಗೆ ಎಲ್ಲಿ ನೋವಾಗುತ್ತದೋ ಎಂಬ ಭಯ.

ನನ್ನ ಮೊದಲ ಸೆಮಿನಾರ್ ನೆನಪಿದೆಯಾ? ಕೊನೆಯಲ್ಲಿ ನೀನು ಎದ್ದು ನಿಂತು, ‘ನಿಮ್ಮ ಪೈಪಿನ ಪಕ್ಕ ಬಸ್ಸು ಹೋದ್ರೆ ನಿಮ್ಮ ಯಂತ್ರ ಏನನ್ನುತ್ತೆ?’ ಎಂದು ಕೇಳಿದೆ. ಇಡೀ ಹಾಲು ಗೊಳ್ಳೆಂದಿತು. ನಾನು ಶೌಚಾಲಯಕ್ಕೆ ಹೋಗಿ ಅತ್ತೆ, ಆಮೇಲೆ ಬಹಳ ದಿನ ನಿನ್ನ ಜೊತೆ ಮಾತು ಬಿಟ್ಟೆ, ನಿನಗೆ ಸೂಜಿ ಎಂದು ಹೆಸರಿಟ್ಟೆ. ಕೊನೆಗೆ ಬಸ್‌ಸ್ಟಾಪಿನ ಹತ್ತಿರ ಪೈಪಿನ ಸದ್ದು ಕೇಳುವ ಸೆನ್ಸರ್ ಹಿಡಿದು ಕೂತಾಗ ಪಕ್ಕದಲ್ಲಿ ಕೊಡೆ ಹಿಡಿದುಕೊಂಡು ಕೂತವಳು ನೀನೇ. ನನ್ನ ಥೀಸಿಸ್ಸಿನ ಎರಡನೇ ಅಧ್ಯಾಯ ಪೂರ್ತಿ ಆ ಬಸ್ಸಿನಿಂದ ಹುಟ್ಟಿದ್ದು.

ಮೊನ್ನೆ ಅತ್ತೆಗೂ ನನ್ನ ಕೆಲಸದ ಮೇಲೆ ಕುತೂಹಲ ಬಂತು. ‘ಇಷ್ಟು ವರ್ಷದಿಂದ ರಸ್ತೆಗೆ ಕಿವಿ ಹಚ್ಚಿ ಕೂರ್ತೀಯಲ್ಲ, ಅದೇನು ಅಂತ ಬಿಡಿಸಿ ಹೇಳು’ ಎಂದರು. ಊಟದ ಮೇಜಿನ ಆ ತುದಿಗೆ ಅವರ ಕಿವಿ ಇಡಿಸಿದೆ, ಈ ತುದಿಗೆ ನನ್ನ ಕಿವಿ. ನಡುವೆ ಎಲ್ಲೋ ಚಮಚದಿಂದ ಕುಟ್ಟಿ ಎಂದು ಇವರಿಗೆ ಹೇಳಿದೆ. ‘ನೋಡಿ ಅತ್ತೆ, ನೆಲದ ಒಳಗೆ ಪೈಪು ಒಡೆದು ನೀರು ಸೋರಿದರೆ ಸದ್ದಾಗುತ್ತೆ. ಹತ್ತಿರದ ಕಿವಿಗೆ ಮೊದಲು ಕೇಳಿಸುತ್ತೆ, ದೂರದ ಕಿವಿಗೆ ಆಮೇಲೆ. ಆ ವ್ಯತ್ಯಾಸದಿಂದ ಎಲ್ಲಿ ಸೋರ್ತಿದೆ ಅಂತ ಲೆಕ್ಕ ಹಾಕ್ತೀನಿ. ಅಲ್ಲಿ ಅಗೆದರೆ ಸಾಕು, ರಸ್ತೆ ಪೂರ್ತಿ ಅಗೆಯೋದು ಬೇಡ.’ ಅತ್ತೆ ಕಿವಿ ಉಜ್ಜಿಕೊಳ್ಳುತ್ತ, ‘ಇಷ್ಟೇನಾ? ಇದಕ್ಕಾ ಇಷ್ಟು ವರ್ಷ ತಗೊಂಡಿದ್ದು?’ ಎಂದು ಎದ್ದು ಹೋದರು. ನನಗೆ ಸಿಕ್ಕ ಪ್ರಾಮಾಣಿಕ ಟೀಕೆ ಇದೊಂದೇ. ಆಮೇಲೆ ಇವರು ಊಟಕ್ಕೆ ಮುಂಚೆ ರೇಡಿಯೋ ಹಾಕಿದರು. ಊಟದ ಹೊತ್ತಿನಲ್ಲಿ ಈಗ ನಾವು ರೇಡಿಯೋ ಹಾಕುತ್ತೇವೆ.

ನನ್ನ ಹೆದರಿಕೆ ಏನೆಂದು ಈಗ ಹೇಳುತ್ತೇನೆ. ಮೂರು ಬೀದಿಗಳಲ್ಲಿ ನನ್ನ ಲೆಕ್ಕ ತಪ್ಪಿತು. ನಾನು ತೋರಿಸಿದ ಜಾಗದಲ್ಲಿ ಅಗೆದರೆ ಒಣಮಣ್ಣು. ಸೋರಿಕೆ ಸಿಕ್ಕಿದ್ದು ಎಷ್ಟೋ ಮನೆಗಳಾಚೆ. ಉಳಿದ ಬೀದಿಗಳಲ್ಲೆಲ್ಲ ಸರಿಯಾಗಿ ಬಂದದ್ದು ಈ ಮೂರರಲ್ಲಿ ಯಾಕೆ ತಪ್ಪಿತು ಎಂದು ನನಗೆ ಗೊತ್ತಾಗಲಿಲ್ಲ. ‘ಹೊರಗಿನ ಗದ್ದಲದಿಂದಾಗಿ ಕೈಬಿಡಲಾಗಿದೆ’ ಎಂದು ಒಂದು ಸಾಲು ಬರೆದೆ. ಪ್ರತಿ ಸೆಮಿನಾರಿನಲ್ಲೂ ಆ ಸಾಲು ತೆರೆಯ ಮೇಲೆ ಬಂದಾಗ ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾಯುತ್ತೇನೆ. ಯಾರೂ ಕೇಳುವುದಿಲ್ಲ. ಗೈಡ್ ಸರ್ ಅಂತೂ, ‘ಅದನ್ನೆಲ್ಲಾ ತಲೆಗೆ ಹಚ್ಕೋಬೇಡಮ್ಮ, ಮುಗಿಸಿಬಿಡು’ ಎನ್ನುತ್ತಾರೆ.

ಮೇ ತಿಂಗಳಲ್ಲಿ ಥೀಸಿಸ್ ಸಲ್ಲಿಸುವ ಮುಂಚಿನ ಕೊನೆಯ ಸೆಮಿನಾರ್ ಇದೆ. ಯಾರು ಬೇಕಾದರೂ ಬಂದು ಕೇಳಬಹುದು. ಅದು ಮುಗಿದರೆ ಬರೆದದ್ದು ಬರೆದಂತೆಯೇ. ನೀರಿನ ಇಲಾಖೆಯ ಎಂಜಿನಿಯರ್ ಕೂಡ ಬರುತ್ತಾರೆ. ನನ್ನ ವಿಧಾನ ಒಪ್ಪಿಗೆಯಾದರೆ ಜೂನ್‌ನಿಂದ ಅವರು ಅದನ್ನೇ ನಂಬಿ ಊರಿನ ರಸ್ತೆಗಳನ್ನು ಅಗೆಯುತ್ತಾರಂತೆ. ನಾನು ಬೆರಳು ತೋರಿಸಿದ ಕಡೆ ಗುಂಡಿ ತೋಡುತ್ತಾರೆ ಕಣೆ!

ನೀನು ಬರಬೇಕು. ಬಂದು ಕೇಳಬೇಕು. ಮೊದಲಿನ ಹಾಗೆ, ಕರುಣೆ ಗಿರುಣೆ ಇಲ್ಲದೆ.

ನಿನ್ನ ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ
ಪೈಪಮ್ಮ

ತಾ.ಕ.: ಕೊಡೆ ಇನ್ನೂ ನನ್ನ ಹತ್ತಿರವೇ ಇದೆ. ಒಂದು ಕಡ್ಡಿ ಮುರಿದಿದೆ. ಬಂದಾಗ ತೆಗೆದುಕೊಂಡು ಹೋಗು.


ಏಪ್ರಿಲ್ 13, ಭಾನುವಾರ

ಸೂಜಿ,

ಈ ಸಲ ‘ಪ್ರೀತಿಯ’ ಎಂದು ಬರೆದಿಲ್ಲ, ಗಮನಿಸು. ಕೋಪ ಬಂದಿದೆ.

ನಿನ್ನ ಉತ್ತರ ಬೇಗ ಬಂತು, ಅದಕ್ಕೆ ಸಂತೋಷ. ಆದರೆ ಏನೆಂದು ಬರೆದಿದ್ದೀಯ? ‘ಖಂಡಿತ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತೇನೆ. ಪ್ರಶ್ನೆ ಗಿಶ್ನೆ ಎಲ್ಲ ಈಗ ಯಾಕೆ? ನೀನು ಪಟ್ಟದ್ದು ಸಾಲದಾ?’ ಅಲ್ಲ ಕಣೆ, ಚಪ್ಪಾಳೆ ತಟ್ಟುವವರಿಗೆ ಇಲ್ಲೇನು ಬರವೇ? ಅದಕ್ಕಾಗಿ ನೀನು ಅಷ್ಟು ದೂರದಿಂದ ಬಸ್ಸಿನಲ್ಲಿ ಕುಲುಕಾಡಿಕೊಂಡು ಬರಬೇಕೇ? ಓದಿ ಕಾಗದವನ್ನು ಮುದುರಿ ಎಸೆದೆ. ಆಮೇಲೆ ಎತ್ತಿ ನೀವಿ ಸರಿಮಾಡಿಟ್ಟೆ ಅನ್ನುವುದು ಬೇರೆ ಮಾತು.

ನಾನು ಅತಿಯಾಗಿ ಯೋಚಿಸುತ್ತಿದ್ದೇನೆ, ಕೆಲಸ ನಿಜವಾಗಿಯೂ ಚೆನ್ನಾಗಿರಬಹುದು, ಅದಕ್ಕೇ ಕೇಳುತ್ತಿಲ್ಲ ಎಂದೂ ಬರೆದಿದ್ದೀಯ. ಆ ಮಾತು ಮನಸ್ಸಿಗೆ ಹಿಡಿಸಿತು. ಅದು ನಿಜವಾಗಿದ್ದರೆ ಎಷ್ಟು ಚೆನ್ನ! ನೋಡಿಯೇಬಿಡೋಣ ಎಂದು ಒಂದು ಕಿತಾಪತಿ ಮಾಡಿದೆ. ನಗಬೇಡ.

ಕಳೆದ ವಾರ ಡಿಪಾರ್ಟ್‌ಮೆಂಟಿನೊಳಗೆ ತಾಲೀಮು ಸೆಮಿನಾರ್ ಇತ್ತು. ಉದ್ಯಾನದ ಬೀದಿಯ ನಕ್ಷೆ ನಿನಗೆ ಗೊತ್ತಲ್ಲ, ಪೈಪಿನ ನೀಲಿ ಗೆರೆ ಬೇಲಿಯ ಪಕ್ಕ ಹೋಗುತ್ತದೆ, ಆಚೆ ಬಾತುಕೋಳಿಗಳ ಕೊಳ. ಸೋರಿಕೆಯನ್ನು ತೋರಿಸುವ ಕೆಂಪು ಚುಕ್ಕೆಯನ್ನು ಗೆರೆಯಿಂದ ಎತ್ತಿ ಕೊಳದ ನಟ್ಟನಡುವೆ ಇಟ್ಟೆ. ಅಲ್ಲಿ ಪೈಪೇ ಇಲ್ಲ. ಇರುವುದು ನೀರು, ಬಾತುಕೋಳಿ, ಒಂದು ಮುರುಕು ದೋಣಿ. ಕೋಲು ಹಿಡಿದು ಅದನ್ನೇ ತೋರಿಸುತ್ತ, ಎಲ್ಲರಿಗೂ ಕೇಳುವಂತೆ, ‘ಸೋರಿಕೆ ಇರುವುದು ಇಲ್ಲಿ’ ಎಂದೆ. ಎಂದು ಸುಮ್ಮನೆ ನಿಂತೆ.

ಸೂಜಿ, ಒಬ್ಬರೂ ಉಸಿರೆತ್ತಲಿಲ್ಲ. ಗೈಡ್ ಸರ್ ತಲೆಯಾಡಿಸಿ ಬರೆದುಕೊಂಡರು. ಹಿಂದಿನ ಸಾಲಿನಲ್ಲಿ ಈ ವರ್ಷ ಸೇರಿದ ಹುಡುಗಿಯೊಬ್ಬಳು ಬಾಯಿ ತೆರೆದಳು. ಪಕ್ಕದವಳು ಅವಳ ತೊಡೆ ಚಿವುಟಿದ್ದು ನನಗೆ ವೇದಿಕೆಯಿಂದ ಕಾಣಿಸಿತು. ‘ಆದರೆ ಸರ್’ ಕೊಳವನ್ನು ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಕೊಳವನ್ನು ನೋಡಿದರು. ಅವರ ಗಂಟಲು ಕೂಡ ಸರಿಯಾಯಿತು, ನಾನು ಕೇಳಿಸಿಕೊಂಡೆ. ಕೊನೆಗೆ, ‘ತುಂಬಾ ಶ್ರಮ ಪಟ್ಟಿದ್ದೀಯಮ್ಮ’ ಎಂದರು. ಎಲ್ಲ ಸೇರಿ ಮೆತ್ತಗೆ ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಇವರಿಗೆ ಹೇಳಿದೆ. ತಮ್ಮ ಕನ್ನಡಕದ ಅಂಗಡಿಯಿಂದ ತಂದ ಯಾರದೋ ಫ್ರೇಮಿಗೆ ಗಾಜು ಕೂರಿಸುತ್ತ ಕೂತಿದ್ದರು. ಬಾತುಕೋಳಿಯ ಮಾತು ಬಂದಾಗ ನಕ್ಕೇಬಿಟ್ಟರು. ಎಷ್ಟೋ ದಿನಕ್ಕೆ ಆ ನಗು ಕೇಳಿದೆ. ನಾನೂ ನಕ್ಕೆ. ನಗುತ್ತ ನಗುತ್ತ ನನಗೆ ಅಳು ಬಂತು. ಇವರು ಗಾಜನ್ನು ಕೆಳಗಿಟ್ಟು, ‘ನಿಜವಾಗ್ಲೂ ಯಾರೂ ಏನೂ ಅನ್ನಲಿಲ್ವಾ?’ ಎಂದು ಕೇಳಿದರು. ಇಲ್ಲ ಎಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು, ಏನೋ ಹೇಳುವವರಿದ್ದರು, ಆಮೇಲೆ ಎದ್ದು ಹೋಗಿ ರೇಡಿಯೋ ಹಾಕಿದರು.

ಅತ್ತೆಗೆ ನಿನ್ನನ್ನು ಕರೆಸುತ್ತಿರುವ ಸಂಗತಿ ತಿಳಿಸಿದೆ. ‘ಬೈಸ್ಕೊಳ್ಳೋಕೆ ಯಾರಾದ್ರೂ ದುಂಬಾಲು ಬಿದ್ದು ಕರೆಸ್ತಾರಾ? ನನ್ನ ಕೇಳಿದ್ರೆ ನಾನೇ ಬೈತಿರ್ಲಿಲ್ವಾ?’ ಎಂದರು. ಬೈಯಲಿಲ್ಲ ಮಾತ್ರ. ಮೊದಲು ಹಾಲು ಉಕ್ಕಿಸಿದರೆ ಸಾಕು, ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ ಹೆಂಗಸು. ಈಗ ನಾನು ಹಾಲು ಉಕ್ಕಿಸಿದರೆ ತಾವೇ ಬಂದು ಒಲೆ ಒರೆಸುತ್ತಾರೆ.

ಅಂದಿನಿಂದ ನನ್ನ ಸ್ಥಿತಿ ಕೇಳಬೇಡ. ಕೊಳದ ತಪ್ಪು ನಾನೇ ಮಾಡಿದ್ದು, ಗೊತ್ತಿದೆ, ಮಾರನೆಯ ದಿನವೇ ಚುಕ್ಕೆಯನ್ನು ವಾಪಸ್ ಗೆರೆಯ ಮೇಲಿಟ್ಟೆ. ಗೊತ್ತಿಲ್ಲದೆ ಮಾಡಿದ ತಪ್ಪುಗಳ ಗತಿ ಏನು? ಎಷ್ಟಿವೆಯೋ, ಎಲ್ಲಿವೆಯೋ! ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಯಾರದೋ ಜೊತೆ ಮಾತಾಡುವಾಗ ಆ ಮೂರು ಬೀದಿಗಳು ಕಣ್ಣಮುಂದೆ ಬರುತ್ತವೆ. ನಿನ್ನೆ ಎಂಜಿನಿಯರ್ ದಾರಿಯಲ್ಲಿ ಸಿಕ್ಕಿ, ‘ಜೂನ್‌ನಿಂದ ಶುರು ಮಾಡೋಣ ಮೇಡಂ, ಕೆಲಸದವರಿಗೂ ಹೇಳಿಟ್ಟಿದ್ದೀನಿ’ ಎಂದು ಹಲ್ಲು ಕಿರಿದರು. ಆ ಮೂರು ಬೀದಿಗಳಲ್ಲಿ ಅಗೆದ ಗುಂಡಿಗೆ ನಾನೇ ಇಳಿದು ನೋಡಿದ್ದೇನೆ, ಒಡೆದದ್ದು ಉಳಿದ ಕಡೆ ಇರುವಂಥದೇ ಹಳೆಯ ಕಬ್ಬಿಣದ ಪೈಪು. ಹಾಗಿದ್ದರೆ ಎಲ್ಲಿ ಎಡವಿದೆ? ಒಬ್ಬಳೇ ಕೂತು ಇದನ್ನು ಬಿಡಿಸಲು ನನ್ನಿಂದ ಆಗುತ್ತಿಲ್ಲ. ನನ್ನ ತಲೆ ಯಾವಾಗ ಓಡುತ್ತಿತ್ತು ಹೇಳು, ನೀನು ಚುಚ್ಚಿದಾಗ ತಾನೇ?

ಥೀಸಿಸ್ಸಿನ ನಾಲ್ಕನೇ ಅಧ್ಯಾಯ ಇದರ ಜೊತೆ ಕಳಿಸಿದ್ದೇನೆ. ಓದು. ಓದಿಯೂ ಚಪ್ಪಾಳೆ ತಟ್ಟುವುದಾದರೆ ದಯವಿಟ್ಟು ಬರಬೇಡ.

ನಿನ್ನ
ಪೈಪಮ್ಮ

ತಾ.ಕ.: ಕೋಪ ಅರ್ಧ ಇಳಿದಿದೆ. ಉಳಿದರ್ಧ ನಿನ್ನ ಕೈಯಲ್ಲಿದೆ.


ಮೇ 25, ಭಾನುವಾರ

ಪ್ರೀತಿಯ, ಪ್ರೀತಿಯ ಸೂಜಿ,

ಕ್ಷೇಮವಾಗಿ ಊರು ಸೇರಿದೆಯಾ? ಸೆಮಿನಾರ್ ಮುಗಿದು ನಾನು ವೈರುಗಳನ್ನು ಸುತ್ತಿಟ್ಟು ಹೊರಗೆ ಬರುವಷ್ಟರಲ್ಲಿ ನೀನು ಬಸ್‌ಸ್ಟ್ಯಾಂಡಿಗೆ ಹೊರಟುಹೋಗಿದ್ದೆ. ಯಾಕೆ ಓಡಿದೆ ಎಂದು ಗೊತ್ತು. ಟೀ ಹೊತ್ತಿಗೆ ಎಲ್ಲರೂ ನಿನ್ನನ್ನು ಕೊಲೆ ಮಾಡಿದವಳನ್ನು ನೋಡುವಂತೆ ನೋಡುತ್ತಿದ್ದರಂತೆ. ಗೈಡ್ ಸರ್ ನಿನಗೆ ಕೇಳುವಂತೆಯೇ, ‘ಮನುಷ್ಯತ್ವ ಅನ್ನೋದು ಬೇಡವಾ?’ ಎಂದರಂತೆ. ಆ ಮಾತಿಗೆ ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ನೀನು ಕೈಯಲ್ಲಿದ್ದ ಹಾಳೆ ನೋಡುತ್ತ ಮಾತಾಡುತ್ತಿದ್ದೆ, ತಲೆ ಎತ್ತಲೇ ಇಲ್ಲ. ಆದ್ದರಿಂದ ವೇದಿಕೆಯಿಂದ ನನಗೆ ಕಂಡದ್ದನ್ನು ನಿನಗೆ ಹೇಳಲೇಬೇಕು.

ನಾನು ಕೊನೆಯ ಹಾಳೆ ತೋರಿಸಿ ‘ಧನ್ಯವಾದಗಳು’ ಎಂದೆ. ಎಂದಿನಂತೆ ಮೆತ್ತನೆಯ ಚಪ್ಪಾಳೆ. ಅಧ್ಯಕ್ಷರು, ‘ಪ್ರಶ್ನೆಗಳೇನೂ ಇಲ್ಲ ಅಂತ ಕಾಣುತ್ತೆ’ ಎಂದು ಮೈಕಿನ ಬಟನ್ ಒತ್ತುವುದರಲ್ಲಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನ ಒಂದು ಕುರ್ಚಿ ಕಿರ್ರೆಂದಿತು. ಆ ಕುರ್ಚಿಗಳನ್ನು ಬೈದದ್ದಕ್ಕೆ ಈಗ ಪಶ್ಚಾತ್ತಾಪ ಪಡುತ್ತೇನೆ. ನೀನು ನಿಂತಿದ್ದೆ. ಕರೆಸಿದವಳು ನಾನೇ ಆಗಿದ್ದರೂ, ಓಡಿಹೋಗಲು ಬಾಗಿಲು ಎಷ್ಟು ದೂರವಿದೆ ಎಂದು ನೋಡಿದೆ.

‘ಕೈಬಿಟ್ಟ ಆ ಮೂರು ಬೀದಿಗಳಲ್ಲಿ ಪೈಪು ಯಾವುದು?’ ಎಂದೆ ನೀನು.

‘ಕಬ್ಬಿಣದ್ದು.’

‘ಹೇಗೆ ಗೊತ್ತು?’

‘ನಕ್ಷೆಯಲ್ಲಿ ಹಾಗಿದೆ. ಗುಂಡಿಯಲ್ಲಿ ಇಳಿದು ನಾನೇ ನೋಡಿದ್ದೇನೆ.’

‘ಗುಂಡಿಯಲ್ಲಿ ಕಂಡಷ್ಟು ಕಬ್ಬಿಣ. ಗುಂಡಿಯ ಆಚೆ, ಕಾಣದೆ ಇರೋದು? ಅಲ್ಲಿ ಹಿಂದೆ ಯಾವತ್ತಾದರೂ ಒಡೆದು, ತುಂಡು ಕತ್ತರಿಸಿ ಪ್ಲಾಸ್ಟಿಕ್ ಪೈಪು ಹಾಕಿದ್ದರೆ? ಕಬ್ಬಿಣದಲ್ಲಿ ಓಡೋ ಸದ್ದು ಪ್ಲಾಸ್ಟಿಕ್ಕಲ್ಲಿ ನಡ್ಕೊಂಡು ಹೋಗುತ್ತೆ. ನಿಮ್ಮ ಲೆಕ್ಕದಲ್ಲಿ ಪೂರ್ತಿ ಓಡಿಸಿದ್ದೀರಲ್ಲ?’

ಎಷ್ಟು ಸುಲಭ, ಎಷ್ಟು ಕಣ್ಣೆದುರಿನ ವಿಷಯ! ಬೀದಿ ಬೀದಿಯಲ್ಲಿ ಕಿವಿಯಿಟ್ಟು ಕೂತವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಒಂದು ಗುಂಡಿಗೆ ಇಳಿದು ಇಡೀ ಬೀದಿಯನ್ನು ನೋಡಿಬಿಟ್ಟೆ ಎಂದುಕೊಂಡಿದ್ದೆ. ‘ಗೊತ್ತಿಲ್ಲ’ ಎಂದೆ. ಮೈಕು ಹತ್ತಿರವಿತ್ತು, ಆ ಮಾತು ಹಾಲಿಗೆಲ್ಲ ಕೇಳಿಸಿತು.

ಗೈಡ್ ಸರ್ ಅರ್ಧ ಎದ್ದರು. ‘ಅದೆಲ್ಲಾ ಸಣ್ಣ ವಿಷಯ, ಈಗ ಬೇಡಮ್ಮ, ಅವಳ ಪರಿಸ್ಥಿತಿ ನಿಮಗೂ ಗೊತ್ತಲ್ಲ…’ ಎಂದರು. ನೀನು ಕೂರಲು ಹೊರಟೆ. ಕೂರಲು ಹೊರಟದ್ದನ್ನು ನಾನು ನೋಡಿದೆ ಕಣೆ. ಆಗ ನನ್ನ ಬಾಯಿಂದ ಬಂದ ದನಿ ನನ್ನದೆಂದು ನನಗೇ ಅನಿಸಲಿಲ್ಲ. ‘ಸರ್, ಅವರು ಕೇಳಲಿ. ನನಗೆ ಬೇಕು’ ಎಂದು ಕೂಗಿದೆ.

ಆಗ ಮೊದಲ ಸಾಲಿನ ತುದಿಯಲ್ಲಿ ಒಂದು ಗಂಟಲು ಸರಿಯಾಯಿತು. ನಾನು ಕಣ್ಣು ಮುಚ್ಚಿದೆ.

‘ಆದರೆ…’ ಎಂದರು ‘ಆದರೆ ಸರ್’.

ಸೂಜಿ, ಆ ಒಂದು ಮಾತಿಗೆ ನಾನು ಅವರ ಕಾಲಿಗೆ ಬೀಳಬೇಕಿತ್ತು. ಆಮೇಲೆ ನಡೆದದ್ದು ನಿನಗೆ ಗೊತ್ತು. ಅವರು ಒಂದಾದ ಮೇಲೊಂದು ಪ್ರಶ್ನೆ ಹಾಕಿ ನನ್ನ ನೀರಿಳಿಸಿದರು. ತಾಲೀಮಿನ ದಿನ ತೊಡೆ ಚಿವುಟಿಸಿಕೊಂಡಿದ್ದ ಹುಡುಗಿ ಎದ್ದು ನಿಂತು, ‘ಮೇಡಂ, ಅವತ್ತು ಕೊಳದ ಮಧ್ಯೆ ಚುಕ್ಕೆ ಇತ್ತಲ್ಲ, ಅದು ಯಾಕೆ?’ ಎಂದು ಕೇಳಿದಳು. ಉತ್ತರ ಹೇಳಿದೆ. ಯಾರೂ ನಗಲಿಲ್ಲ. ಕೆಲವರು ತಲೆ ತಗ್ಗಿಸಿದರು.

ಮಾರನೆಯ ದಿನ ಎಂಜಿನಿಯರ್ ಜೊತೆ ಅವರ ಕಚೇರಿಗೆ ಹೋದೆ. ಮೂರರಲ್ಲಿ ಎರಡು ಬೀದಿಗಳಲ್ಲಿ ಹಳೆಯ ರಿಪೇರಿಯಾಗಿ ಉದ್ದಕ್ಕೆ ಪ್ಲಾಸ್ಟಿಕ್ ಹಾಕಿದ್ದಾರೆ, ನಕ್ಷೆ ಮಾತ್ರ ಹಳೆಯದೇ. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ಚುಕ್ಕೆ ಸರಿಯಾದ ಜಾಗದ ಹತ್ತಿರಕ್ಕೆ ಬಂದು ಕೂರುತ್ತದೆ. ಮೂರನೆಯ ಬೀದಿಯದ್ದು ಇನ್ನೂ ತಿಳಿದಿಲ್ಲ. ಅದು ಈಗಲೂ ನನ್ನ ತಲೆ ತಿನ್ನುತ್ತಿದೆ. ಜೂನ್‌ನ ಅಗೆತ ಮುಂದಕ್ಕೆ ಹೋಗಿದೆ. ನಾಲ್ಕನೇ ಅಧ್ಯಾಯ ಪೂರ್ತಿ ಮತ್ತೆ ಬರೆಯಬೇಕು, ಥೀಸಿಸ್ ಈ ವರ್ಷ ಸಲ್ಲಿಸಲು ಆಗುವುದಿಲ್ಲ. ಗೈಡ್ ಸರ್ ಮುಖ ಊದಿಸಿಕೊಂಡಿದ್ದಾರೆ, ನಾನು ನಮಸ್ಕಾರ ಎಂದರೆ ಗೋಡೆಗೆ ನಮಸ್ಕಾರ ಎನ್ನುತ್ತಾರೆ. ಬೇಸರವೇನೋ ಇದೆ, ಇಷ್ಟು ವರ್ಷದ ಕೆಲಸ ತಾನೇ. ಆದರೂ ಒಂದು ಮಾತು ನಂಬು, ಅವತ್ತು ಮನೆಗೆ ಬಂದು ಚಪ್ಪಲಿ ಬಿಡುವಾಗ ಹಸಿವಾಯಿತು. ಹಸಿವು ಅನ್ನುವುದು ಇದೆ ಎಂಬುದೇ ಮರೆತುಹೋಗಿತ್ತು.

ಅತ್ತೆಗೆ ಎಲ್ಲ ಹೇಳಿದೆ. ‘ಅವಳಿಗೆ ಊಟ ಹಾಕದೆ ಕಳಿಸಿದ್ಯಾ? ಅಷ್ಟು ಬೈದು ಹೋದವಳಿಗೆ ಹೊಟ್ಟೆ ಹಸಿದಿರಲ್ವಾ? ಬುದ್ಧಿ ಇದೆಯಾ ನಿನಗೆ?’ ಎಂದು ನನ್ನನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡರು. ಕಿವಿ ತಂಪಾಯಿತು.

ಮುಂದಿನ ಸಲ ಬಂದಾಗ ಮನೆಯಲ್ಲೇ ಉಳಿಯಬೇಕು. ನಿನ್ನ ಮೊನೆ ಯಾವತ್ತೂ ಮೊಂಡಾಗದಿರಲಿ, ನಿನ್ನ ವಿದ್ಯಾರ್ಥಿಗಳು ನಿನ್ನನ್ನು ಬೈದುಕೊಂಡೇ ಜಾಣರಾಗಲಿ, ನಿನ್ನ ಅಮ್ಮನ ಬೆನ್ನು ನೋವು ಕಡಿಮೆಯಾಗಲಿ. ನನಗಿಂತ ಚಿಕ್ಕವಳು ನೀನು, ಹಾಗಾಗಿ ಆಶೀರ್ವಾದ ಮಾಡುವ ಹಕ್ಕು ನನಗಿದೆ.

ಎಂದೆಂದಿಗೂ ನಿನ್ನ
ಪೈಪಮ್ಮ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಮತ್ತೆ ಬಿಚ್ಚಿದೆ. ಇದನ್ನು ಬರೆಯದಿದ್ದರೆ ಮೂರೂ ಕಾಗದ ಬರೆದದ್ದು ದಂಡ.

ಮಗು ಹೋದ ಮೇಲೆ ನಾನು ಮಂಡಿಸಿದ ಮೊದಲ ಸೆಮಿನಾರಿನಲ್ಲಿ ನೀನೂ ಇದ್ದೆ. ಆಗಿನ್ನೂ ನೀನು ಊರು ಬಿಟ್ಟಿರಲಿಲ್ಲ. ಮೂರನೇ ಸಾಲು, ಕಿಟಕಿಯ ಪಕ್ಕ. ಕೈಬಿಟ್ಟ ಬೀದಿಗಳ ಸಾಲು ತೆರೆಯ ಮೇಲೆ ಬಂದಾಗ ನಿನ್ನ ಬಲಗೈ ಮೇಲೆ ಹೋಯಿತು. ನಿನಗೆ ಆಗಲೇ ಪ್ರಶ್ನೆ ಹೊಳೆದಿತ್ತು. ಅಷ್ಟರಲ್ಲಿ ನನ್ನ ಮುಖ ನೋಡಿದೆ. ಎತ್ತಿದ ಕೈಯಿಂದ ಕೂದಲು ಸರಿಮಾಡಿಕೊಂಡು ಕೈ ಇಳಿಸಿದೆ. ನನಗೆ ಕಾಣಿಸಲಿಲ್ಲ ಎಂದುಕೊಂಡೆಯೇನೋ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಾಗ ನನಗೆ ಅರ್ಥವಾಗಿರಲಿಲ್ಲ. ಮನೆಗೆ ಜನ ಬಂದು ಹೋದಾಗಲೂ ಆಗಿರಲಿಲ್ಲ. ನೀನು ಕೈ ಇಳಿಸಿದಾಗ ಅರ್ಥವಾಯಿತು. ಸೂಜಿಯೇ ಕೇಳುವುದಿಲ್ಲ ಎಂದರೆ ಮಗು ನಿಜವಾಗಿಯೂ ಇಲ್ಲ ಎಂದು.

ಅಂದಿನಿಂದ ಎಲ್ಲರೂ ಕೈ ಇಳಿಸಿಕೊಂಡೇ ಇದ್ದಾರೆ. ಪೈಪಿನ ಬಗ್ಗೆ ಕೇಳುವುದಿಲ್ಲ ಎಂದು ನಿನಗೆ ಬರೆದು ಬರೆದು ಗೋಳಾಡಿದೆನಲ್ಲ, ಪೈಪಿನ ಗೋಳು ಎಷ್ಟರದು? ಅವಳ ಬಗ್ಗೆ ಒಬ್ಬರೂ ಕೇಳುವುದಿಲ್ಲ ಕಣೆ. ಮನೆಯಲ್ಲಿ ನಾವು ಮೂವರೂ ಅವಳ ಹೆಸರನ್ನು ದಾಟಿಕೊಂಡು ಓಡಾಡುತ್ತೇವೆ. ಇವರು ರೇಡಿಯೋ ಹಾಕುತ್ತಾರೆ, ಅತ್ತೆ ಒಲೆ ಒರೆಸುತ್ತಾರೆ. ನಾನೂ ನಿನಗೆ ಬರೆಯುವಾಗ ‘ಮಗು, ಮಗು’ ಎಂದೇ ಬರೆದೆ, ನೋಡು. ಹುಟ್ಟಿದ ದಿನ ಅವಳನ್ನು ಎತ್ತಿಕೊಂಡು ‘ಇದೇನೇ, ಬಟಾಣಿ ಹೆತ್ತಿದ್ದೀಯ?’ ಎಂದವಳು ನೀನು. ಅಂದಿನಿಂದ ಅವಳು ನಮಗೆಲ್ಲ ಬಟಾಣಿಯೇ. ಒಂದೂವರೆ ವರ್ಷದಿಂದ ಆ ಹೆಸರನ್ನು ಯಾರೂ ಹೇಳಿಲ್ಲ. ಈಗ ಬರೆದೆ.

ಪೈಪಿನ ಪ್ರಶ್ನೆ ಕೇಳಿದೆ, ಸಂತೋಷ. ಇನ್ನು ಬಟಾಣಿಯ ಬಗ್ಗೆ ಕೇಳು. ನೀನು ರಜೆಗೆಂದು ಊರಿಗೆ ಹೋದಾಗಲೆಲ್ಲ ನಿನ್ನ ಬಗ್ಗೆ ಏನೆನ್ನುತ್ತಿದ್ದಳು, ಸೆನ್ಸರನ್ನು ಕಿವಿಗೆ ಹಿಡಿದು ಏನು ಕೇಳಿಸಿಕೊಳ್ಳುತ್ತಿದ್ದಳು, ಯಾವುದಕ್ಕೆ ಹೆದರುತ್ತಿದ್ದಳು, ಕೊನೆಯ ಬೆಳಿಗ್ಗೆ ಏನು ಕೇಳಿದಳು. ಎದ್ದು ನಿಂತು ಕೇಳು. ನನ್ನ ಮುಖ ನೋಡಿ ಕೈ ಇಳಿಸಬೇಡ. ಆ ಮೂರನೇ ಬೀದಿಯಂತಲ್ಲ ಇದು. ಇದಕ್ಕೆ ನನ್ನ ಹತ್ತಿರ ಎಲ್ಲ ಉತ್ತರಗಳೂ ಇವೆ.